ಬೇವಿನ ಕಟ್ಟೆಯ ಮೂರನೇ ಕೂಗು

ನೆಲ ನೋಡಿಕೊಂಡು ನಡೆಯುವವರನ್ನು ಕಂಡರೆ ನಬೀ ಸಾಬನಿಗೆ ಆಗುತ್ತಿರಲಿಲ್ಲ. ಹರಿಹರದ ಹಳೇ ಕೋರ್ಟಿನ ಜಾಗದಲ್ಲಿ ಬಿದ್ದು ಕಳೆಯುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ, ಅಲ್ಲಿ ನೆಲ ನೋಡುತ್ತ ಸುತ್ತುವವರು ಏನನ್ನಾದರೂ ಎತ್ತಿಕೊಂಡು ಹೋಗಲು ಬಂದವರೇ ಆಗಿರಬೇಕು ಎಂದು ಅವನ ಲೆಕ್ಕ. ಐದು ವರ್ಷದ ಹಿಂದೆ ಮಳೆಗೆ ಚಾವಣಿ ಕುಸಿದು ಕೋರ್ಟು ಹೊಸ ಕಟ್ಟಡಕ್ಕೆ ಹೋದ ಮೇಲೆ ಮೊದಲು ಹೆಂಚು ಹೋದವು, ಆಮೇಲೆ ತೊಲೆ, ಆಮೇಲೆ ಕಿಟಕಿಯ ಸರಳು. ಈಗ ಇದ್ದದ್ದು ಕಲ್ಲಿನ ತಳಪಾಯ, ಮೂರು ಮೆಟ್ಟಿಲು, ಅಂಗಳದ ಕೊನೆಯಲ್ಲಿ ಕಟ್ಟೆ ಕಟ್ಟಿದ ಬೇವಿನ ಮರ, ಆ ಕಟ್ಟೆಗೆ ಬೆನ್ನು ಹಚ್ಚಿದ ಒಂದು ಕೋಣೆ.

ಕೋಣೆಯಲ್ಲಿ ನಬೀ ಸಾಬನೂ ಅವನ ಮಗಳು ಮುಮ್ತಾಜಳೂ ಇದ್ದರು. ಮೂವತ್ತೊಂದು ವರ್ಷ ಅವನು ಆ ಕೋರ್ಟಿನಲ್ಲಿ ದಲಾಯತನಾಗಿದ್ದ. ಬಾಗಿಲಲ್ಲಿ ನಿಂತು ಕಕ್ಷಿಗಾರರ ಹೆಸರು ಕೂಗುವುದು ಅವನ ಕೆಲಸ. ನಿವೃತ್ತನಾದ ಮೇಲೆ, ಕಟ್ಟಡ ಖಾಲಿ ಬಿದ್ದಾಗ, ಆಗಿನ ಶಿರಸ್ತೇದಾರರು “ಕಾವಲಿಗೆ ಇಲ್ಲೇ ಇರು” ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಅವನ ಹತ್ತಿರ ಇದ್ದ ಹಕ್ಕುಪತ್ರ ಅದೊಂದೇ. ಮುಮ್ತಾಜಳ ಗಂಡ ಫಜಲುಲ್ಲಾ ದಾವಣಗೆರೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು ಎದೆರೋಗದಿಂದ ಹೋದ. ಅವಳು ಒಂದು ಹೊಲಿಗೆ ಮಿಷನ್ನು ತೆಗೆದುಕೊಂಡು ತಂದೆಯ ಕೋಣೆಗೆ ಬಂದು ಎರಡು ವರ್ಷವಾಗಿತ್ತು. ಬಂದಾಗಿನಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. ಮಿಷನ್ನಿನ ಸದ್ದು ನಡೆಯುತ್ತಿದ್ದರೆ ಅವಳು ಸರಿಯಾಗಿದ್ದಾಳೆ ಎಂದು ನಬೀ ಸಾಬ ತಿಳಿಯುತ್ತಿದ್ದ.

1979ರ ಫೆಬ್ರವರಿಯ ಒಂದು ಬೆಳಿಗ್ಗೆ ನೆಲ ನೋಡಿಕೊಂಡು ಬಂದವಳು ಒಬ್ಬ ಹೆಂಗಸು. ನೀಲಿ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ನೋಟ್‌ಬುಕ್ಕು. ಮೆಟ್ಟಿಲಿನಿಂದ ಶುರು ಮಾಡಿ ತುಟಿಯಲ್ಲೇ ಹೆಜ್ಜೆ ಎಣಿಸುತ್ತ ಬೇವಿನ ಮರದ ತನಕ ಬಂದು ನಿಂತಳು. ನಬೀ ಸಾಬನ ಹೆಜ್ಜೆಯಲ್ಲಿ ಅದು ನಲವತ್ತೆರಡು. ಇವಳಿಗೆ ಎಷ್ಟಾಯಿತೋ.

“ಯಾರು ಬೇಕಿತ್ರೀ?” ಎಂದ, ಕೋಣೆಯ ಹೊಸಿಲಲ್ಲೇ ಕುಳಿತು.

“ನಬೀ ಸಾಬ್ ಅಂದ್ರೆ ನೀವೇ ಅಲ್ವಾ? ವಾಮದೇವಪ್ಪ ವಕೀಲರು ನಿಮ್ಮ ಹೆಸರು ಹೇಳಿದ್ರು.”

“ವಕೀಲರು ಸುಮ್ನೆ ಯಾರ ಹೆಸರೂ ಹೇಳಂಗಿಲ್ಲ. ಏನು ಕೇಸು?”

“ಕೇಸಿಲ್ಲ. ನಾನು ಉಮಾಮಹೇಶ್ವರಿ, ದಾವಣಗೆರೆಯಲ್ಲಿ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಈ ಜಾಗದ ಇತಿಹಾಸ ಬರೀಬೇಕಾಗಿದೆ.”

“ಜಾಗಕ್ಕೇನ್ರಿ ಇತಿಹಾಸ? ಜಾಗಕ್ಕೆ ಸರ್ವೆ ನಂಬರ್ ಇರ್ತದೆ.”

ಅವಳು ನಕ್ಕಳು. ನಗುವ ಸರ್ಕಾರಿ ಹೆಂಗಸರನ್ನು ನಬೀ ಸಾಬ ಅಷ್ಟಾಗಿ ನೋಡಿರಲಿಲ್ಲ, ಹಾಗಾಗಿ ಅನುಮಾನ ಇನ್ನಷ್ಟಾಯಿತು. ಅವಳು ಕಟ್ಟೆಯ ಮೇಲೆ ಕುಳಿತು ವಿಷಯ ಹೇಳಿದಳು. ಪುರಸಭೆ ಇಲ್ಲಿ ಸಭಾಭವನ ಕಟ್ಟುತ್ತದೆ. ಕೋರ್ಟಿನ ಗುರುತೇ ಇಲ್ಲದಂತೆ ಮಾಡಬೇಡಿ ಎಂದು ಹಳೇ ವಕೀಲರೆಲ್ಲ ಸೇರಿ ಅರ್ಜಿ ಕೊಟ್ಟಿದ್ದಾರೆ. ಅದಕ್ಕೆ ಮುಖ್ಯಾಧಿಕಾರಿಗಳು, ಕೋರ್ಟಿನ ಕೆಲಸಕ್ಕೆ ಬರುತ್ತಿದ್ದದ್ದು ಯಾವುದು ಎಂದು ಯಾರಾದರೂ ಓದಿದವರು ಬರೆದುಕೊಡಲಿ, ಅದನ್ನು ಉಳಿಸೋಣ, ಮಿಕ್ಕಿದ್ದು ನೆಲಸಮ ಮಾಡೋಣ ಎಂದಿದ್ದಾರೆ.

ನಬೀ ಸಾಬ ತಿರುಗಿ ತನ್ನ ಕೋಣೆ ನೋಡಿದ. ಕಟ್ಟೆ ಉಳಿದರೆ ಅದಕ್ಕೆ ಅಂಟಿಕೊಂಡ ಕೋಣೆ ಉಳಿಯುತ್ತದೆ. ಕಟ್ಟೆ ಹೋದರೆ ಮುಮ್ತಾಜಳ ಮಿಷನ್ನು ಬೀದಿಯಲ್ಲಿ. ಅಷ್ಟು ಅವನಿಗೆ ಕೂಡಲೇ ಅರ್ಥವಾಯಿತು.

“ಬರ್ಕೊಳ್ರಿ ಹಂಗಾದ್ರೆ,” ಎಂದು ಮುಂಡಾಸು ಸರಿಮಾಡಿಕೊಂಡ. ಮುನ್ಸೀಫರ ಕುರ್ಚಿ ಎಲ್ಲಿತ್ತು, ಸಾಕ್ಷಿಕಟ್ಟೆ ಎಲ್ಲಿತ್ತು, ಬೇಸಿಗೆಯಲ್ಲಿ ಪಂಖದ ಹಗ್ಗ ಯಾವ ತೂತಿನಿಂದ ಹೊರಗೆ ಬರುತ್ತಿತ್ತು, ಎಲ್ಲವನ್ನೂ ಕೈಯಾಡಿಸಿ ತೋರಿಸಿದ. ತನಗಿಂತ ಮುಂಚೆ ತನ್ನ ತಂದೆ ಗೌಸ್ ಪೀರ್ ಇಲ್ಲೇ ದಲಾಯತನಾಗಿದ್ದ ಎಂದ. ಅವಳು ಚಿಕ್ಕ ಅಕ್ಷರದಲ್ಲಿ ಬೇಗಬೇಗ ಬರೆದುಕೊಂಡಳು. ಮುಗಿಯಿತು ಎನ್ನುವಾಗ ಪೆನ್ನಿನಿಂದ ಮರವನ್ನು ತೋರಿಸಿ ಕೇಳಿದಳು:

“ಮೂರನೇ ಕೂಗು ಇಲ್ಲಿ ಬಂದು ಕೂಗ್ತಿದ್ರಂತೆ, ಹೌದಾ?”

ನಬೀ ಸಾಬ ತೋರಿಸುತ್ತಿದ್ದ ಕೈಯನ್ನು ಕೆಳಗಿಳಿಸಿದ.

“ಯಾರು ಹೇಳಿದ್ದು?”

“ಯಾರೋ ಹೇಳಿದ್ರು. ನಿಜಾನಾ?”

“ಸುಳ್ಳು. ರೂಲಿನಂಗೆ ಮೂರೂ ಬಾಗಲಲ್ಲೇ. ಮರಕ್ಕೂ ಕೋರ್ಟಿಗೂ ಏನ್ ಸಂಬಂಧ ಐತೆ?”

ಕೋಣೆಯೊಳಗೆ ಮಿಷನ್ನಿನ ಸದ್ದು ನಿಂತಿತು.

ಉಮಾಮಹೇಶ್ವರಿ ಅದನ್ನೂ ಬರೆದುಕೊಂಡು, ಮತ್ತೆ ಬರುವೆನೆಂದು ಹೇಳಿ ಹೋದಳು. ಅವಳು ರಸ್ತೆ ದಾಟುವ ತನಕ ನಬೀ ಸಾಬ ನೋಡಿದ. ಮುಮ್ತಾಜ್ ಬಾಗಿಲಿಗೆ ಬಂದು ನಿಂತಳು. ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಕುಪ್ಪಸದ ಅಂಚಿಗೆ ಚುಚ್ಚಿದಳು.

“ಅಬ್ಬಾ, ನಾನು ನಿಮ್ಮ ಹಿಂದೆ ಓಡಿ ಬರ್ತಿದ್ದೆ. ಮೂರನೇ ಕೂಗಿಗೆ ಮರ ಹಿಡ್ಕೊಂಡು ನಿಲ್ತಿದ್ದೆ.”

“ನೀನು ಸಣ್ಣಾಕಿ. ನಿಂಗೇನು ನೆನಪಿರ್ತದೆ.”

“ಎಂಟು ವರ್ಷ ಆಗಿತ್ತು.”

“ಕೆಲಸ ನೋಡು ಹೋಗು.”

ಅವಳು ಹೋದಳು. ಮಿಷನ್ನು ಮಾತ್ರ ಬಹಳ ಹೊತ್ತು ಸುಮ್ಮನಿತ್ತು.

ಮಗಳು ಹೇಳಿದ್ದು ನಿಜ. ಮೂರು ಸಲ ಬಾಗಿಲಲ್ಲಿ ಕೂಗಬೇಕೆಂಬುದು ಪುಸ್ತಕದ ನಿಯಮ. ಆದರೆ ಹಳ್ಳಿಯಿಂದ ಬಂದವರು ಮೆಟ್ಟಿಲ ಹತ್ತಿರ ಸುಳಿಯಲು ಹೆದರಿ ಬೇವಿನ ನೆರಳಲ್ಲಿ ಕೂರುತ್ತಿದ್ದರು. ರಸ್ತೆಯ ಗಾಡಿಗಳ ಗದ್ದಲದಲ್ಲಿ ಬಾಗಿಲ ಕೂಗು ಅರ್ಧ ಕೇಳಿದರೆ ಅರ್ಧ ಇಲ್ಲ. ಅದಕ್ಕೇ ಗೌಸ್ ಪೀರ್ ಎರಡು ಕೂಗನ್ನು ಬಾಗಿಲಲ್ಲಿ ಕೂಗಿ, ಮೂರನೆಯದಕ್ಕೆ ನಲವತ್ತೆರಡು ಹೆಜ್ಜೆ ನಡೆದು ಮರದ ಕೆಳಗೆ ಬಂದು ಕೂಗುತ್ತಿದ್ದ. ಮಗನಿಗೂ ಅದನ್ನೇ ಕಲಿಸಿದ. ಬರುಬರುತ್ತ ಹಳ್ಳಿಯವರು ಮೊದಲ ಎರಡು ಕೂಗಿಗೆ ಏಳುವುದನ್ನೇ ಬಿಟ್ಟರು. ಎಲೆಚಂಚಿ ಕಟ್ಟಿಕೊಂಡು, ಮೈ ಕೊಡವಿ, ಮೂರನೇ ಕೂಗಿಗೆ ಎದ್ದು ದಲಾಯತನ ಹಿಂದೆಯೇ ಒಳಗೆ ಹೋಗುತ್ತಿದ್ದರು. ಬಾಗಿಲಿಗಿಂತ ಮರವೇ ಅವರಿಗೆ ಕೋರ್ಟು.

ಮೂವತ್ತೊಂದು ವರ್ಷದಲ್ಲಿ ನಬೀ ಸಾಬ ಮರದ ಹತ್ತಿರ ಹೋಗದಿದ್ದದ್ದು ಒಂದೇ ಒಂದು ದಿನ.

ಅದು 1949ರ ಬೇಸಿಗೆ. ಭಾನುವಳ್ಳಿಯ ರಂಗವ್ವನ ಗಂಡ ಉಜ್ಜನಪ್ಪ ಸತ್ತು ವರ್ಷವಾಗಿತ್ತು. ಅವನ ಪಾಲಿನ ಮೂರೆಕರೆ ಬೆದ್ದಲು ತನಗೆ ಬರಬೇಕೆಂದು ಮೈದುನ ಕುಬೇರಪ್ಪ ದಾವೆ ಹಾಕಿದ್ದ. ಆಗಿನ್ನೂ ಹೊಸ ವಕೀಲನಾಗಿದ್ದ ವಾಮದೇವಪ್ಪ ರಂಗವ್ವನ ಪರ. ಅಂದು ಅವನಿಗೆ ದಾವಣಗೆರೆಯಲ್ಲಿ ಬೇರೆ ಕೆಲಸವಿತ್ತು. “ಹೆಸರು ಕೂಗಿದಾಗ ಒಳಗೆ ಹೋಗಿ ವಾಯಿದೆ ಕೇಳವ್ವ, ಅಷ್ಟೇ” ಎಂದು ಹೇಳಿದ್ದ. ರಂಗವ್ವ ಬೆಳಗಿನಿಂದ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದಳು.

ಅವಳ ಹೆಸರು ಬರುವ ಸ್ವಲ್ಪ ಮುಂಚೆ ಕುಬೇರಪ್ಪ ಮೆಟ್ಟಿಲ ಹತ್ತಿರ ಬಂದ. ನಬೀ ಸಾಬನಿಗೆ ಮುಮ್ತಾಜ್ ಹುಟ್ಟಿ ಮೂರು ದಿನವಾಗಿತ್ತು. “ಮನೆಗೆ ಮಗಳು ಬಂದ್ಳಂತಲ್ಲ ಸಾಬ್ರೆ, ಬಾಯಿ ಸಿಹಿ ಮಾಡ್ಕೊಳ್ರಿ” ಎಂದು ಗುಲ್ಕನ್ ಹಾಕಿದ ದೊಡ್ಡ ಎಲೆಯ ಬೀಡವನ್ನು ಅವನ ಬಾಯಿಗೇ ಇಟ್ಟ. ಅಷ್ಟರಲ್ಲಿ ಒಳಗಿನಿಂದ ಕೂಗಲು ಹೇಳಿದರು. ಮಗಳ ಹೆಸರಿನಲ್ಲಿ ಕೊಟ್ಟ ಎಲೆ. ಅದನ್ನು ಉಗಿದರೆ ಕೊಟ್ಟವನಿಗೆ ಅವಮಾನ, ಕೂಸಿಗೆ ಅಪಶಕುನ. ನಬೀ ಸಾಬ ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ತುಂಬಿದ ಬಾಯಲ್ಲಿ ಬಾಗಿಲಲ್ಲೇ ಮೂರು ಸಲ ಕೂಗಿದ. ಅದು ಕೂಗಾಗಿತ್ತೋ ಗೊಣಗಾಗಿತ್ತೋ. ರಂಗವ್ವ ಬರಲಿಲ್ಲ. ಪ್ರತಿವಾದಿ ಗೈರುಹಾಜರೆಂದು ಬರೆದು, ಕುಬೇರಪ್ಪ ಹೇಳಿದಂತೆಯೇ ತೀರ್ಪಾಯಿತು.

ತಿಂಗಳಾದ ಮೇಲೆ ವಾಮದೇವಪ್ಪ ತೀರ್ಪು ರದ್ದು ಮಾಡಿಸಲು ಅರ್ಜಿ ಹಾಕಿದ. ಮುನ್ಸೀಫರು ನಬೀ ಸಾಬನನ್ನು ನಿಲ್ಲಿಸಿ ಕೇಳಿದ್ದು ಒಂದೇ ಮಾತು. ಮೂರು ಸಲ ಕೂಗಿದೆಯಾ? ಕೂಗಿದೆ ಮಹಾಸ್ವಾಮಿ, ಎಂದ. ಎಲ್ಲಿ ನಿಂತು ಎಂದು ಅವರು ಕೇಳಲಿಲ್ಲ. ರಂಗವ್ವ ಮಾತ್ರ ಸಾಕ್ಷಿಕಟ್ಟೆಯಲ್ಲಿ ನಿಂತು, “ಮೂರನೇ ಕೂಗು ಮರದ ಹತ್ರ ಬರ್ಲಿಲ್ಲ ಸ್ವಾಮಿ, ಅದಕ್ಕೇ ನಾ ಏಳ್ಲಿಲ್ಲ” ಎಂದಳು. ಕೋರ್ಟೆಲ್ಲ ನಕ್ಕಿತು. ಅರ್ಜಿ ವಜಾ ಆಯಿತು.

ಆಗ ಅದು ಮೂರೆಕರೆ ಒಣ ಭೂಮಿ. ಹತ್ತು ಹದಿನೈದು ವರ್ಷಕ್ಕೆ ಭದ್ರಾ ನಾಲೆ ಬಂತು, ವರ್ಷಕ್ಕೆರಡು ಭತ್ತದ ಬೆಳೆ ಬಂತು. ಕುಬೇರಪ್ಪ ಸತ್ತು ಅವನ ಮಕ್ಕಳು ಅದನ್ನು ಉಳುತ್ತಿದ್ದರು. ರಂಗವ್ವ ಅಣ್ಣನ ಮನೆಯ ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ಬದುಕಿದಳು. ನಿದ್ದೆ ಮಾಡಿ ಹೊಲ ಕಳೆದವಳು ಎಂದು ಊರು ಅವಳನ್ನು ಕರೆಯುತ್ತಿತ್ತು.

ಆ ದಿನದಿಂದ ನಬೀ ಸಾಬ ಎಲೆ ಮುಟ್ಟಿರಲಿಲ್ಲ. ಮುಮ್ತಾಜಳ ಮದುವೆಯಲ್ಲಿ ಗಂಡಿನ ಕಡೆಯವರು ಕೊಟ್ಟ ಬೀಡವನ್ನು ಬೇಡ ಎಂದದ್ದಕ್ಕೆ ಬೀಗರು ಮುನಿಸಿಕೊಂಡು ಊಟಕ್ಕೆ ಎದ್ದಿರಲಿಲ್ಲ. ಹಲ್ಲುನೋವು ಎಂದು ಹೇಳಿ ಜಾರಿಕೊಂಡಿದ್ದ.

ಎಲ್ಲಕ್ಕಿಂತ ಹೆಚ್ಚು ಅವನನ್ನು ಕಾಡುತ್ತಿದ್ದವಳು ರಂಗವ್ವನೇ. ಪ್ರತಿ ಸಂತೆಯ ದಿನ ಬೆಣ್ಣೆ ಮಾರಲು ಹರಿಹರಕ್ಕೆ ಬರುತ್ತಿದ್ದಳು. ಸಂತೆ ಮುಗಿಸಿ ನೇರ ಬೇವಿನ ಕಟ್ಟೆಗೆ ಬಂದು, ಚೀಲ ಪಕ್ಕಕ್ಕಿಟ್ಟು, ಕೋರ್ಟಿನ ಬಾಗಿಲಿದ್ದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮೊದಲು ಭಾನುವಳ್ಳಿ ಬಸ್ಸು ಕೋರ್ಟಿನ ಎದುರೇ ನಿಲ್ಲುತ್ತಿತ್ತು, ಹಾಗಾಗಿ ಅದರಲ್ಲಿ ವಿಶೇಷವಿರಲಿಲ್ಲ. ಆದರೆ ಬಸ್ ಸ್ಟ್ಯಾಂಡು ಆಚೆ ಹೋಗಿ ಆರು ವರ್ಷವಾಗಿತ್ತು. ಅವಳು ಈಗಲೂ ಇಲ್ಲಿಗೇ ಬರುತ್ತಿದ್ದಳು. ಅರ್ಧ ಗಂಟೆ ಕೂತು, ನಬೀ ಸಾಬ ಕೊಟ್ಟ ನೀರು ಕುಡಿದು, “ಬರ್ತೀನಿ ಸಾಬ” ಎಂದು ಎದ್ದು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಯಾಕೆ ಬರುತ್ತಾಳೆ? ಗೊತ್ತಿದ್ದು ಬರುತ್ತಾಳೋ, ಗೊತ್ತಿಲ್ಲದೆಯೋ? ಕೇಳಿದರೆ ತಾನೇ ಬಾಯಿ ಬಿಟ್ಟಂತೆ. ನೀರು ಕೊಟ್ಟು ಸುಮ್ಮನಾಗುತ್ತಿದ್ದ.

ಈಗ ಈ ಕಾಲೇಜಿನ ಹೆಂಗಸು ಎಲ್ಲ ಬಿಟ್ಟು ಮೂರನೇ ಕೂಗನ್ನೇ ಕೇಳುತ್ತಾಳೆ. ವಾಮದೇವಪ್ಪ ಸುಮ್ಮನೆ ಕಳಿಸಿರಲಾರ.

ಮರುದಿನ ನಬೀ ಸಾಬ ಮಿಷನ್ನಿಗೆ ದಾರದುಂಡೆ ತರುವ ನೆಪ ಹೇಳಿ ದಾವಣಗೆರೆ ಬಸ್ಸು ಹತ್ತಿದ. ಚೌಕಿಪೇಟೆಯಲ್ಲಿ ದಾರ ಕೊಂಡು, ಕೇಳಿಕೊಂಡು ಕೇಳಿಕೊಂಡು ಅವಳ ಕಾಲೇಜಿನ ಗೇಟಿಗೆ ಹೋದ. ಗೇಟಿನಲ್ಲಿದ್ದ ಬೋರಣ್ಣ ಅವನ ವಯಸ್ಸಿನವನೇ. ಬೀಡಿ ಕೊಟ್ಟು ಮಾತಿಗೆಳೆದ.

“ಉಮಾಮಹೇಶ್ವರಿ ಮೇಡಮ್ಮಾ? ಅದಾರೆ. ಯಾಕ, ಹುಡುಗನ್ನ ಸೇರಿಸ್ಬೇಕಾಗಿತ್ತಾ?”

“ಇಲ್ಲ, ಹಂಗೇ. ಯಾವ ಊರಿನೋರು?”

“ಕುಕ್ಕುವಾಡದ ಕಡೆಯೋರು. ಹೊಲಮನಿ ಇರೋರು. ಯಾಕ ಸಾಬ್ರೆ, ಹೆಣ್ಣು ನೋಡಾಕೆ ಬಂದಂಗೆ ಕೇಳ್ತೀರಲ್ಲ.”

ಬೋರಣ್ಣ ನಕ್ಕ. ನಬೀ ಸಾಬನಿಗೆ ನಗು ಬರಲಿಲ್ಲ. ಕುಬೇರಪ್ಪನ ಹೆಂಡತಿಯ ತವರು ಕುಕ್ಕುವಾಡ. ಇಡೀ ದಾರಿ ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದ. ಇವಳು ಕುಬೇರಪ್ಪನ ಕಡೆಯವಳಾದರೆ, ಹಳೆಯ ಸಂಗತಿ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಬಂದಿದ್ದಾಳೆ. ರಂಗವ್ವನ ಕಡೆಯವಳಾದರೆ ತನ್ನನ್ನು ಹಿಡಿಯಲು ಬಂದಿದ್ದಾಳೆ. ಎರಡೂ ಅಲ್ಲವಾದರೆ ಪುರಸಭೆಯವಳು, ಕೋಣೆ ಕಿತ್ತುಕೊಳ್ಳಲು. ಅವಳು ಬರೀ ಇತಿಹಾಸ ಬರೆಯುವವಳಾಗಿರಬಹುದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಕೋರ್ಟಿನ ಬಾಗಿಲಲ್ಲಿ ಅಷ್ಟು ವರ್ಷ ನಿಂತವನಿಗೆ, ಕೆಲಸವಿಲ್ಲದೆ ಕೇಳುವ ಮನುಷ್ಯರು ಸಿಕ್ಕಿರಲಿಲ್ಲ.

ಮೂರನೇ ದಿನ ಪುರಸಭೆಯ ಎಂಜಿನಿಯರ್ ಬಂದು ಮರದ ಬುಡಕ್ಕೆ ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಬರೆದ. ಕೋಣೆಯ ಗೋಡೆಗೂ ಒಂದು ಬರೆದ. “ಸಂತೆ ದಿನ ಸಾಹೇಬ್ರು ಬಂದು ನೋಡ್ತಾರೆ. ಆಮೇಲೆ ಒಂದು ವಾರ ಟೈಮು,” ಎಂದು ಹೇಳಿ ಡಬ್ಬಿ ಮುಚ್ಚಿದ.

ಅಂದು ಸಂಜೆ ರೊಟ್ಟಿ ಬಡಿಯುತ್ತ ಮುಮ್ತಾಜ್ ತಾನಾಗಿ ಮಾತೆತ್ತಿದಳು.

“ಮರದ ಕೆಳಗೆ ಕೂಗ್ತಿದ್ದೆ ಅಂದಿದ್ರೆ ಮರ ಉಳೀತಿತ್ತು. ಯಾಕ ಹೇಳ್ಲಿಲ್ಲ?”

ನಬೀ ಸಾಬ ತಟ್ಟೆ ನೋಡಿದ.

“ಯಾರನ್ನ ಕಾಪಾಡ್ತಾ ಇದೀರಿ ಅಬ್ಬಾ? ನಮ್ಮನ್ನಂತೂ ಅಲ್ಲ.”

“ಸಣ್ಣ ಮಾತಿಗೆ ದೊಡ್ಡ ಅರ್ಥ ಹಚ್ಚಬ್ಯಾಡ.”

“ಹಚ್ಚಂಗಿಲ್ಲ,” ಎಂದಳು. ರೊಟ್ಟಿ ಮಗುಚಿದಳು. “ನನ್ನ ಗಂಡ ಆಸ್ಪತ್ರೇಲಿದ್ದಾಗ ಡಾಕ್ಟ್ರೂ ಹಿಂಗೇ ಮಾತಾಡ್ತಿದ್ರು. ಕೇಳಿದ್ದಕ್ಕಲ್ಲ, ಪಕ್ಕದ್ದಕ್ಕೆ ಉತ್ತರ ಕೊಡ್ತಿದ್ರು.”

ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ತಾನೂ ಉಣ್ಣಲು ಕುಳಿತಳು. ಮಗಳು ತನ್ನನ್ನು ಹೊಸಬನನ್ನು ನೋಡಿದಂತೆ ಕಣ್ಣ ಕೊನೆಯಲ್ಲಿ ನೋಡುತ್ತಿದ್ದಾಳೆ ಎಂದು ನಬೀ ಸಾಬನಿಗೆ ಅನ್ನಿಸಿತು. ಇಷ್ಟು ದಿನ ಅವನು ಊರನ್ನೆಲ್ಲ ಅನುಮಾನಿಸಿದ್ದ. ತನ್ನ ಮನೆಯೊಳಗೇ ಒಬ್ಬರು ತನ್ನನ್ನು ಅನುಮಾನಿಸಿದರೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸಂತೆಯ ದಿನ ಮುಖ್ಯಾಧಿಕಾರಿ, ಎಂಜಿನಿಯರ್, ಕೊಡೆ ಊರಿಕೊಂಡ ಮುದುಕ ವಾಮದೇವಪ್ಪ ಬಂದರು. ಅವರಿಗಿಂತ ಮುಂಚೆ ಉಮಾಮಹೇಶ್ವರಿ ಬಂದಿದ್ದಳು. ಅವಳು ಕಟ್ಟೆಯ ಮೇಲೆ ರಂಗವ್ವನ ಪಕ್ಕ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು. ಇಬ್ಬರ ನಡುವೆ ಒಂದೇ ಪೊಟ್ಟಣ. ಅದನ್ನು ಕಂಡು ನಬೀ ಸಾಬ ಕಟ್ಟೆಯ ಹತ್ತಿರ ಬಂದ. ಸರಿ, ಇವಳು ರಂಗವ್ವನ ಕಡೆಯವಳೇ.

“ಇವರು ನಿಮಗೆ ಹೆಂಗೆ ಗೊತ್ತು ಅಮ್ಮಾರೆ?” ಎಂದ, ಆದಷ್ಟು ಸಾದಾ ದನಿಯಲ್ಲಿ.

“ಗೊತ್ತೇನಿಲ್ಲ. ಹೋದ ಸಂತೆ ದಿನ ಜಾಗ ನೋಡೋಕೆ ಬಂದಿದ್ದೆ, ನೀವಿರಲಿಲ್ಲ. ಬಿಸಿಲು ಅಂತ ಇಲ್ಲಿ ಕೂತೆ. ಅಜ್ಜಿ ಮಾತಾಡಿಸಿದ್ರು. ಮೂರನೇ ಕೂಗಿನ ಸಂಗತಿ ಇವರೇ ಹೇಳಿದ್ದು.”

ಅಷ್ಟೇ ಇತ್ತು. ಕುಕ್ಕುವಾಡವೂ ಇಲ್ಲ, ಕುಬೇರಪ್ಪನೂ ಇಲ್ಲ.

ಎಂಜಿನಿಯರ್ ಕಾಗದ ಬಿಚ್ಚಿ ಮೆಟ್ಟಿಲು, ತಳಪಾಯ ಎಂದು ಗುರುತು ಹಾಕುತ್ತ ಕಟ್ಟೆಯ ಹತ್ತಿರ ಬಂದ. “ಅಜ್ಜಿ, ಸ್ವಲ್ಪ ಏಳು. ಇದು ಕೋರ್ಟಿಗೆ ಸೇರಿದ್ದಲ್ಲ, ಬರೀ ಮರ. ಮೇಡಂ ಬರ್ಕೊಂಡಿದಾರಲ್ಲ: ‘ಮರಕ್ಕೂ ಕೋರ್ಟಿಗೂ ಸಂಬಂಧ ಇಲ್ಲ, ಮೂರು ಕೂಗೂ ಬಾಗಿಲಲ್ಲೇ.’ ಹೇಳಿದ್ದು ನಬೀ ಸಾಬ್.”

ರಂಗವ್ವ ಮಂಡಕ್ಕಿಯ ಪೊಟ್ಟಣ ಮಡಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

“ಬರ್ಕೊಳ್ರಪ್ಪಾ,” ಎಂದಳು. “ನಾ ಸುಳ್ಳಿ ಅಂತ ಒಂದ್ಸಲ ಕೋರ್ಟಿನಾಗೆ ಬರ್ಕೊಂಡೈತೆ. ಇನ್ನೊಂದ್ಸಲ ಬರ್ದ್ರೆ ಏನು ಕಮ್ಮಿ ಆಗ್ತೈತೆ.”

ಅವಳು ಚೀಲ ಎತ್ತಿಕೊಂಡು ಎದ್ದಳು. ನಬೀ ಸಾಬನ ಕಡೆ ನೋಡಲಿಲ್ಲ. ವಾಮದೇವಪ್ಪ ಮಾತ್ರ ನೋಡಿದ. ಕೋಣೆಯ ಬಾಗಿಲಲ್ಲಿ ನಿಂತ ಮುಮ್ತಾಜಳೂ ನೋಡಿದಳು.

“ಕೂಡ್ರಿ ರಂಗವ್ವಾರೆ,” ಎಂದ ನಬೀ ಸಾಬ. ದನಿ ಅವನಿಗೇ ಹೊಸದಾಗಿತ್ತು. “ಏಳಬ್ಯಾಡ್ರಿ. ಇನ್ನೂ ಕೂಗಿಲ್ಲ.”

ರಂಗವ್ವ ಮತ್ತೆ ಕುಳಿತಳು. ಅವನು ಅಂಗಳ ದಾಟಿ ಮೆಟ್ಟಿಲು ಹತ್ತಿದ. ಬಾಗಿಲಿದ್ದ ಕಡೆ ಬೆನ್ನು ಮಾಡಿ ನಿಂತು ಗಂಟಲು ಸರಿಮಾಡಿಕೊಂಡ.

“ಭಾನುವಳ್ಳಿ ರಂಗವ್ವಾ, ಕೋಂ ಉಜ್ಜನಪ್ಪಾ, ಹಾಜರ್.”

ಮೊದಲ ಸಲ ದನಿ ಒಡೆಯಿತು. ಎರಡನೇ ಸಲ ನೆಟ್ಟಗಾಯಿತು. ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ಆಮೇಲೆ ನಬೀ ಸಾಬ ಇಳಿದು ನಡೆಯತೊಡಗಿದ. ಈ ಕಾಲಿಗೆ ನಲವತ್ತೆರಡು ಸಾಲಲಿಲ್ಲ, ಐವತ್ತರ ಮೇಲಾಯಿತು. ಮರದ ಕೆಳಗೆ ಬಂದು, ಮೂರು ಮೊಳ ದೂರದಲ್ಲಿ ಕುಳಿತವಳ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಕೂಗಿದ.

“ಇಲ್ಲೇ ಕುಂತೀನಲ್ಲ,” ಎಂದಳು ರಂಗವ್ವ.

ಎಂಜಿನಿಯರ್ ಮುಖ್ಯಾಧಿ­ಕಾರಿಯನ್ನು ನೋಡಿದ. “ಏನ್ರಿ ಸಾಬ್ರೆ ಇದು, ನಾಟಕ?”

“ನಾಟಕ ಅಲ್ಲ ಸ್ವಾಮಿ. ಇದು ಪದ್ಧತಿ. ನಮ್ಮಪ್ಪ ಮಾಡಿದ್ದು. ಮೂರನೇದು ಇಲ್ಲೇ ಕೂಗ್ಬೇಕು. ಅವತ್ತೊಂದಿನ ನಾ ಬರ್ಲಿಲ್ಲ. ಬಾಯ್ತುಂಬ ಎಲೆ ಇತ್ತು. ಮನೆಗೆ ಮಗಳು ಬಂದ್ಳು ಅಂತ ಕುಬೇರಪ್ಪ ಕೊಟ್ಟಿದ್ದು. ಕೋರ್ಟಿನಾಗೆ ಎಲ್ಲಿ ಕೂಗ್ದೆ ಅಂತ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಇವರು ನಿದ್ದೆ ಮಾಡಿರ್ಲಿಲ್ಲ. ಮೂರನೇದಕ್ಕೆ ಕಾಯ್ತಿದ್ರು.” ಅವನು ಉಮಾಮಹೇಶ್ವರಿಯ ಕಡೆ ತಿರುಗಿದ. “ಹಿಂದೆ ಹೇಳಿದ್ದು ಹೊಡೆದುಹಾಕ್ರಿ. ಇದನ್ನ ಬರ್ಕೊಳ್ರಿ.”

ಅವಳು ಬರೆದುಕೊಂಡಳು. ಬರೆಯುವಾಗ ತಲೆ ಎತ್ತಲಿಲ್ಲ. ವಾಮದೇವಪ್ಪ ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ. ಅಂದು ತಾನು ದಾವಣಗೆರೆಗೆ ಹೋಗಬಾರದಿತ್ತು ಎಂದು, ಯಾರಿಗೂ ಅಲ್ಲದೆ, ಸಣ್ಣಗೆ ಹೇಳಿದ.

ರಂಗವ್ವ ಕುಳಿತಲ್ಲೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

“ಎಲೆ ಕೊಟ್ಟಿದ್ದು ನಾ ನೋಡಿದ್ದೆ ಸಾಬ,” ಎಂದಳು. “ಇಲ್ಲಿಂದ ಆ ಮೆಟ್ಲು ಚೆಂದಾಗಿ ಕಾಣ್ತೈತೆ. ನಿನ್ನ ಬಾಯಿಂದ ಕೇಳ್ಬೇಕಾಗಿತ್ತು, ಅಷ್ಟೇ.”

ಮೂವತ್ತು ವರ್ಷ ನೀರು ಕೊಟ್ಟ ಕೈಯನ್ನು ನಬೀ ಸಾಬ ಪಂಚೆಗೆ ಒರೆಸಿಕೊಂಡ.

ಮುಖ್ಯಾಧಿಕಾರಿ ಕೆಟ್ಟವರಲ್ಲ. ಮರ, ಕಟ್ಟೆ, ಮೆಟ್ಟಿಲು ಉಳಿಸಬಹುದು ಎಂದು ಬರೆಯಲು ಹೇಳಿದರು. ಎಂಜಿನಿಯರ್ ಮರದ ಕೆಂಪು ಗುರುತಿನ ಸುತ್ತ ಒಂದು ಸೊನ್ನೆ ಹಾಕಿದ. ಬಣ್ಣ ಇನ್ನು ಅಳಿಸುವಂತಿರಲಿಲ್ಲ. ಆಮೇಲೆ ಕೋಣೆಯ ಗೋಡೆಯ ಮುಂದೆ ಎಲ್ಲರೂ ನಿಂತರು.

“ಇದು ಏನಾಗಿತ್ತು?” ಎಂದರು ಮುಖ್ಯಾಧಿಕಾರಿ. ಆಮೇಲೆ ಅವರೇ ದಾರಿ ತೋರಿಸಿದರು. “ಹಳೇ ದಫ್ತರ ಇಡ್ತಿದ್ರೇನೋ? ಹಂಗಿದ್ರೆ ಇದೂ ಕೋರ್ಟಿನ ಕೆಲಸಕ್ಕೆ ಬಂದಂಗೇ.”

ಹೌದು ಎಂದರೆ ಮುಗಿದಿತ್ತು. ವಾಮದೇವಪ್ಪನಿಗೆ ನಿಜ ಗೊತ್ತಿತ್ತು, ಅವನೂ ಸುಮ್ಮನಿದ್ದ. ನಬೀ ಸಾಬ ಮಗಳನ್ನು ನೋಡಿದ. ಮುಮ್ತಾಜ್ ಹೊಸಿಲ ಮೇಲೆ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲ ಸ್ವಾಮಿ,” ಎಂದ. “ಶಿರಸ್ತೇದಾರರ ಸೈಕಲ್ ನಿಲ್ಸೋಕೆ ಕಟ್ಟಿಸಿದ್ದು.”

ಎಂಜಿನಿಯರ್ ಬರೆದುಕೊಂಡ.

ಒಂದು ವಾರ ಎಂದವರು ಹದಿನೈದು ದಿನ ಬಿಟ್ಟರು. ನಬೀ ಸಾಬನ ತಂಗಿ ಖತೀಜಾಬೀ ಹೊಳೆಯ ಕಡೆಯ ಗಲ್ಲಿಯಲ್ಲಿದ್ದಳು. ಅವಳ ಪಡಸಾಲೆಯಲ್ಲಿ ಅರ್ಧಕ್ಕೆ ಪರದೆ ಕಟ್ಟಿ ಇಬ್ಬರಿಗೂ ಜಾಗವಾಯಿತು. ಮಿಷನ್ನಿಗೆ ಜಾಗ ಸಾಲಲಿಲ್ಲ. ಮುಮ್ತಾಜ್ ತಾನೇ ಪುರಸಭೆಗೆ ಹೋಗಿ ಕೇಳಿ ಬಂದಳು. ಈಗ ಹಗಲು ಹೊತ್ತು ಅವಳ ಮಿಷನ್ನು ಬೇವಿನ ಕಟ್ಟೆಯ ಮೇಲೆ. ಕೋಣೆ ಇದ್ದ ಕಡೆ ಇಟ್ಟಿಗೆಯ ಪುಡಿ. ಎಲೆಯ ಮಾತನ್ನು ಅವಳು ತಂದೆಯ ಹತ್ತಿರ ಒಂದೇ ಸಲ ಕೇಳಿದಳು.

“ನಾ ಹುಟ್ಟಿದ್ದಕ್ಕೆ ಕೊಟ್ಟಿದ್ದಾ?”

“ಹೌದು.”

“ಮೊದ್ಲೇ ಹೇಳ್ಬಹುದಿತ್ತು,” ಎಂದಳು. ಸೂಜಿಗೆ ದಾರ ಪೋಣಿಸಲು ಅವನ ಮುಂದೆ ಹಿಡಿದಳು. ಅವಳ ಕಣ್ಣು ಅವನದಕ್ಕಿಂತ ಚೆನ್ನಾಗಿತ್ತು, ಆದರೂ ಹಿಡಿದಳು. ನಬೀ ಸಾಬ ನಾಲ್ಕನೇ ಸಲಕ್ಕೆ ಪೋಣಿಸಿದ.

ಸಾಹೇಬರು ಬಂದುಹೋದ ಮುಂದಿನ ಸಂತೆಯ ದಿನ ಅವನು ಚೆಂಬಿನಲ್ಲಿ ನೀರು ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ. ಮಧ್ಯಾಹ್ನವಾಯಿತು, ರಂಗವ್ವ ಬರಲಿಲ್ಲ. ಅದರ ಮುಂದಿನ ಸಂತೆಗೂ ಬರಲಿಲ್ಲ. ನಬೀ ಸಾಬನಿಗೆ ಮತ್ತೆ ಹಳೆಯ ಹುಳ ಹತ್ತಿತು. ಸಿಟ್ಟು ಬಂದಿರಬೇಕು. ಅಥವಾ ಕುಬೇರಪ್ಪನ ಮಕ್ಕಳು ಏನಾದರೂ ಅಂದಿರಬೇಕು. ಅಥವಾ ವಾಮದೇವಪ್ಪ ಒಳಗೊಳಗೇ ಹೊಸ ಕೇಸು ಹಾಕಿಸುತ್ತಿರಬೇಕು.

“ಹೋಗಿ ನೋಡ್ಕೊಂಡು ಬರ್ರಿ,” ಎಂದಳು ಮುಮ್ತಾಜ್, ಹೊಲಿಗೆಯಿಂದ ತಲೆ ಎತ್ತದೆ. “ಇಲ್ಲಿ ಕುಂತು ನನ್ನ ತಲೆ ತಿನ್ನಬ್ಯಾಡ್ರಿ.”

ಬಸ್ ಸ್ಟ್ಯಾಂಡಿನಲ್ಲಿ ಭಾನುವಳ್ಳಿ ಬಸ್ಸು ಇನ್ನೂ ಬಂದಿರಲಿಲ್ಲ. ಕಂಬದ ಪಕ್ಕದ ಸಿಮೆಂಟು ಬೆಂಚಿನ ಮೇಲೆ ರಂಗವ್ವ ಖಾಲಿ ಬೆಣ್ಣೆ ಮಡಕೆಯನ್ನು ಕಾಲ ಬಳಿ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದ ಹೆಂಗಸಿನ ಜೊತೆ ಎಮ್ಮೆಯ ವಿಷಯ ಮಾತಾಡುತ್ತಿದ್ದಳು. ಚೆಂಬು ಹಿಡಿದು ನಿಂತ ನಬೀ ಸಾಬನನ್ನು ಕಂಡು ಮಾತು ನಿಲ್ಲಿಸಿದಳು. ಚೆಂಬಿಗೆ ಕೈ ಚಾಚಿ, ಎತ್ತಿ ಕುಡಿದು, ತಿರುಗಿ ಕೊಟ್ಟಳು.

“ಬಸ್ಸು ಇಲ್ಲಿಂದ ಹೊರಡ್ತೈತಂತೆ ಸಾಬ,” ಎಂದಳು. “ನಂಗೆ ಗೊತ್ತೇ ಇರ್ಲಿಲ್ಲ ನೋಡು.”